ಎರವಲು ಕೊಟ್ಟ ಸಿನಿಮಾ

ಪಿ.ಕೆ. ನಾಯರ್ ನೋಟ್‌ಬುಕ್ ಹಿಡಿದುಕೊಂಡೇ ಸಿನಿಮಾ ನೋಡುತ್ತಿದ್ದರು. ಕಣ್ಣು ಪರದೆಯ ಮೇಲೆ, ಕೈ ಕತ್ತಲಲ್ಲಿ ಹಾಳೆಯ ಮೇಲೆ. ಯಾವ ದೃಶ್ಯ ಎಷ್ಟನೇ ರೀಲಿನಲ್ಲಿದೆ ಎಂದು ಕೇಳಿದರೆ ಡಬ್ಬಿ ತೆರೆಯದೆ ಹೇಳಬಲ್ಲರು ಎಂಬ ಖ್ಯಾತಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಹುಡುಗರ ನಡುವೆ ಅವರಿಗಿತ್ತು. ತಿರುವನಂತಪುರದಲ್ಲಿ ಬೆಳೆದ ಹುಡುಗ ಸಿನಿಮಾ ಟಿಕೆಟ್ಟಿನ ಚೂರುಗಳನ್ನೂ, ಹಿಂದೆ ನಟ-ನಟಿಯರ ಚಿತ್ರವಿರುತ್ತಿದ್ದ ತೂಕದ ಯಂತ್ರದ ಚೀಟಿಗಳನ್ನೂ ಕೂಡಿಡುತ್ತಿದ್ದನಂತೆ. ಆ ಚಟವೇ ಮುಂದೆ ಸರ್ಕಾರಿ ನೌಕರಿಯಾಯಿತು.

ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಶುರುವಾದದ್ದು 1964ರಲ್ಲಿ. ಮರುವರ್ಷ ಸೇರಿದ ನಾಯರ್ 1982ರಲ್ಲಿ ಅದರ ನಿರ್ದೇಶಕರಾದರು, 1991ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಅಲ್ಲಿ ಸುಮಾರು 12,000 ಚಿತ್ರಗಳು ಕೂಡಿದ್ದವು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ಉಳಿದ ಚೂರುಗಳನ್ನು ನಾಸಿಕ್‌ನ ಅವರ ಮನೆಯವರಿಂದ ಪಡೆದು ಉಳಿಸಿಕೊಂಡದ್ದೂ ಇವರೇ. ಇದೆಲ್ಲ ಸಿನಿಮಾದವರಿಗೆ ಗೊತ್ತಿರುವ ಸಂಗತಿ. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಕೂತು ನಾನು ನಾಯರ್ ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ: ಅವರು ಕೂಡಿಟ್ಟದ್ದನ್ನು ಹಳ್ಳಿಗೆ ಕಳಿಸಿದರು.

ಸಿನಿಮಾ ಕಾಪಿಡುವವರಲ್ಲಿ ಹಿಂದಿನಿಂದಲೂ ಎರಡು ಮತ. ಲಂಡನ್ನಿನ ಅರ್ನೆಸ್ಟ್ ಲಿಂಡ್‌ಗ್ರೆನ್, ಪ್ರಿಂಟನ್ನು ಮುಟ್ಟಿದಷ್ಟೂ ಸವೆಯುತ್ತದೆ, ಬೀಗ ಹಾಕಿಡಿ ಎಂದವರು. ಪ್ಯಾರಿಸ್ಸಿನ ಆನ್ರಿ ಲಾಂಗ್ಲ್ವಾ, ತೋರಿಸದ ಸಿನಿಮಾ ಇದ್ದೂ ಇಲ್ಲದ ಹಾಗೆ ಎಂದವರು. ನಾಯರ್ ಒಲವು ಲಾಂಗ್ಲ್ವಾ ಕಡೆಗೆ. ಹಾಗಾಗಿಯೇ ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಹೆಗ್ಗೋಡಿನಿಂದ ನೀನಾಸಮ್ ಸಂಘದ ಕೆ.ವಿ. ಸುಬ್ಬಣ್ಣ ಚಿತ್ರಗಳನ್ನು ಕೇಳಿದಾಗ ಇಲ್ಲವೆನ್ನದೆ ಕೊಟ್ಟರು. ಡಬ್ಬಿಗಳ ಹಿಂದೆ ತಾವೂ ಹೋದರು.

ಹೆಗ್ಗೋಡಿನ ನೀನಾಸಮ್ ಎಂದರೆ ನಾಟಕ, ತಿರುಗಾಟ, ರಂಗಶಿಕ್ಷಣ ಎಂದೇ ನಮಗೆ ನೆನಪು. 1949ರಲ್ಲಿ ಊರ ಹುಡುಗರು ಕಟ್ಟಿಕೊಂಡ ನಾಟಕದ ಸಂಘ ಅದು, ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ಅದರ ಬೆನ್ನಿಗೇ, 1973ರಲ್ಲಿ, ನೀನಾಸಮ್ ಚಿತ್ರಸಮಾಜ ಹುಟ್ಟಿತು. ಫಿಲ್ಮ್ ಸೊಸೈಟಿ ಎಂದರೆ ಕಲ್ಕತ್ತಾ, ಮುಂಬೈ, ಬೆಂಗಳೂರಿನ ಪೇಟೆಯವರ ಹವ್ಯಾಸವಾಗಿದ್ದ ಕಾಲ. ಹಳ್ಳಿಯವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಹಳ್ಳಿ ನೋಡದವರು ತೀರ್ಪು ಕೊಟ್ಟಿದ್ದ ಕಾಲವೂ ಹೌದು. ಹೆಗ್ಗೋಡಿನವರು ಕುರೊಸಾವಾನ ‘ರಾಶೋಮನ್’ ನೋಡಿದರು, ರಾಯ್ ಅವರ ‘ಪಥೇರ್ ಪಾಂಚಾಲಿ’ ನೋಡಿದರು, ಡಿ ಸಿಕಾನ ‘ಬೈಸಿಕಲ್ ಥೀವ್ಸ್’ ನೋಡಿದರು. ಸೈಕಲ್ ಕಳೆದುಕೊಂಡರೆ ಕೂಲಿ ಹೋಗುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಇಟಾಲಿಯನ್ ಬರಬೇಕಿಲ್ಲವಲ್ಲ.

ಸುಬ್ಬಣ್ಣ ಮಾಡಿದ ಮುಖ್ಯ ಕೆಲಸ ಸಿನಿಮಾ ತರಿಸಿದ್ದಲ್ಲ, ಅದರ ಸುತ್ತ ಕನ್ನಡದಲ್ಲಿ ಮಾತು ಬೆಳೆಸಿದ್ದು. ಚಿತ್ರಕ್ಕೆ ಮೊದಲು ಪರಿಚಯ, ಆಮೇಲೆ ಚರ್ಚೆ. 1979ರಲ್ಲಿ ಚಲನಚಿತ್ರ ರಸಗ್ರಹಣ ಶಿಬಿರ ಶುರುವಾದಾಗ ಪಾಠಕ್ಕೆ ಬಂದವರು ನಾಯರ್ ಮತ್ತು ಪುಣೆಯ ಪ್ರಾಧ್ಯಾಪಕ ಸತೀಶ್ ಬಹಾದೂರ್. ಬಹಾದೂರ್ ಮೂಲತಃ ಅರ್ಥಶಾಸ್ತ್ರದ ಮೇಷ್ಟ್ರು. ‘ಪಥೇರ್ ಪಾಂಚಾಲಿ’ಯನ್ನು ಪಠ್ಯಪುಸ್ತಕದಂತೆ ಮುಂದಿಟ್ಟುಕೊಂಡು, ಒಂದೊಂದು ಶಾಟನ್ನೂ ನಿಲ್ಲಿಸಿ ಬಿಡಿಸಿ ಹೇಳುವುದರಲ್ಲಿ ಹೆಸರಾದವರು. ಶಿಬಿರಕ್ಕೆ ಮೇಷ್ಟ್ರುಗಳು, ರೈತರು, ಗುಮಾಸ್ತರು ಬಂದರು. ಮುಂದೆ 1983ರಿಂದ 85ರ ತನಕ ‘ಜನಸ್ಪಂದನ’ ಎಂಬ ಹೆಸರಿನಲ್ಲಿ ನಾಟಕದ ಜೊತೆ ಈ ಸಿನಿಮಾಗಳೂ ಕರ್ನಾಟಕದ ಬೇರೆ ಊರುಗಳಿಗೆ ಹೊರಟವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದರ ಕಥೆ ಎಲ್ಲರೂ ಬರೆದಿದ್ದಾರೆ.

ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ನಾಯರ್ ಬಗ್ಗೆ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದ ಕ್ಯಾಮೆರಾ ಹೆಗ್ಗೋಡಿಗೂ ಬರುತ್ತದೆ. ದೊಡ್ಡ ದೊಡ್ಡ ನಿರ್ದೇಶಕರು ನಾಯರ್ ಅವರನ್ನು ಹೊಗಳುವ ಭಾಗಗಳಿಗಿಂತ ಊರಿನವರು ತಾವು ನೋಡಿದ ಸಿನಿಮಾ ನೆನೆಯುವ ಆ ತುಣುಕೇ ನನಗೆ ಹೆಚ್ಚು ಹಿಡಿಸಿತು. ಚಿತ್ರಕ್ಕೆ ಎರಡು ರಾಷ್ಟ್ರ ಪ್ರಶಸ್ತಿ ಬಂದವು. ನಾಯರ್ 2016ರ ಮಾರ್ಚಿನಲ್ಲಿ ತೀರಿಕೊಂಡರು.

ನಮ್ಮದು ಬಯಲುಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಹೆಗ್ಗೋಡಿನ ಹಾಗೆ ಫಿಲ್ಮ್ ಸೊಸೈಟಿ ಇಲ್ಲಿ ಇರಲಿಲ್ಲ, ಟೆಂಟ್ ಇತ್ತು. ಈ ಕಡೆಯ ಊರುಗಳಲ್ಲಿ ಟೂರಿಂಗ್ ಟಾಕೀಸಿನ ಆಪರೇಟರ್ ಆಗಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದರೆ ಮೊದಲು ಕೈ ಮಾತಾಡುತ್ತದೆ. “ರೀಲು ಕಟ್ಟಾತು ಅಂದ್ರೆ ಗಾಂಧಿ ಕ್ಲಾಸಿನೋರು ಸೀಟಿ ಹೊಡ್ಯೋರು ಸಾರ್. ಸೀಟಿ ಬೈಗುಳ ಆಗೋದ್ರಾಗೆ ಅಂಟಿಸ್ಬೇಕು,” ಎಂದು ಎಡಗೈ ಹೆಬ್ಬೆಟ್ಟಿನ ಉಗುರನ್ನು ಮೇಜಿಗೆ ಒತ್ತಿ ತೋರಿಸಿದರು. ಹರಿದ ತುದಿಯನ್ನು ಫ್ರೇಮಿನ ಗೆರೆಗೆ ಸರಿಯಾಗಿ ಕತ್ತರಿಸಬೇಕು. ಒಂದು ಫ್ರೇಮಿಗೆ ಅಂಚಿನಲ್ಲಿ ನಾಲ್ಕು ತೂತು, ಲೆಕ್ಕ ತಪ್ಪಿದರೆ ನಾಯಕನ ತಲೆ ಕೆಳಗೆ, ಕಾಲು ಮೇಲೆ. ಬ್ಲೇಡಿನಿಂದ ಮಸಾಲೆ ಪದರವನ್ನು ಕೆರೆದು, ಸಿಮೆಂಟು ಅನ್ನುವ ಅಂಟನ್ನು ಕಡ್ಡಿಯಲ್ಲಿ ಒಂದು ಹನಿ ಹಚ್ಚಿ, ಒತ್ತಿ ಹಿಡಿಯಬೇಕು. “ಎಷ್ಟೊತ್ತು?” ಎಂದೆ. “ಉಸಿರು ಬಿಗಿಹಿಡ್ಕಂಡು ಬಿಡೋ ಅಷ್ಟೊತ್ತು.” ಮಧ್ಯೆ ಪ್ರೊಜೆಕ್ಟರ್ ದೀಪದ ಕಾರ್ಬನ್ ಕಡ್ಡಿ ಸವೆದು ಬೆಳಕು ಹಳದಿಗೆ ತಿರುಗದಂತೆ ನೋಡಿಕೊಳ್ಳಬೇಕು. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ ಎಂಬುದು ಅವರಿಗೆ ಗಡಿಯಾರದಿಂದಲ್ಲ, ಬೀಡಿಯಿಂದ ಗೊತ್ತು.

ಹಾಗೆ ಅಂಟಿಸುವಾಗೆಲ್ಲ ಒಂದೆರಡು ಫ್ರೇಮು ಹೋಗುತ್ತಿದ್ದವು. ಹೋದ ತುಂಡು ಹುಡುಗರ ಜೇಬಿಗೆ. ಊರೂರು ಸುತ್ತಿ ಬಂದ ಪ್ರಿಂಟಿಗೆ ಕೊನೆಗೆ ಬೆಳ್ಳಿಯ ಬೆಲೆಯಷ್ಟೇ ಉಳಿಯುತ್ತಿತ್ತು. ರೀಲು ತೊಳೆದು ಅದರ ಬೆಳ್ಳಿ ತೆಗೆಯುವವರು ಕೊಂಡುಕೊಳ್ಳುತ್ತಿದ್ದರು. 1931ರ ‘ಆಲಂ ಆರಾ’ ಹೋದದ್ದು ಹೀಗೆಯೇ ಎಂದು ನಾಯರ್ ಹೇಳುತ್ತಿದ್ದರು. 1934ರ ಮಾರ್ಚಿನಲ್ಲಿ ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಒಂದು ರೀಲೂ ಇಂದು ಇಲ್ಲ. ಪುಣೆಯಲ್ಲೇ 2003ರ ಜನವರಿಯಲ್ಲಿ ನೈಟ್ರೇಟ್ ಚಿತ್ರಗಳಿದ್ದ ಕೋಣೆಗೆ ಬೆಂಕಿ ಬಿದ್ದು ಎಷ್ಟೋ ಹೋದವು. ಉಳಿದದ್ದರ ಬೆಲೆ ತಿಳಿಯಬೇಕೆಂದರೆ ‘ಘಟಶ್ರಾದ್ಧ’ ನೋಡಬೇಕು. ಗಿರೀಶ ಕಾಸರವಳ್ಳಿಯವರ 1977ರ ಆ ಚಿತ್ರದ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಇದ್ದುದರಿಂದಲೇ ಅದನ್ನು ತೊಳೆದು, ತಿದ್ದಿ, 4ಕೆ ರೂಪದಲ್ಲಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಆಯಿತು.

ವೆನಿಸ್‌ನಲ್ಲಿ ತೋರಿಸಿದ್ದು ಸಂತೋಷ. ಜಗಳೂರಿನಲ್ಲಿ ಯಾವಾಗ?

ತೋರಿಸುವ ಜಾಗ ಹಳ್ಳಿಯಲ್ಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದಮೇಲೆ ‘ಅರಿವು ಕೇಂದ್ರ’ಗಳಾಗಿವೆ. ಹಲವು ಕಡೆ ಕಂಪ್ಯೂಟರ್, ಟಿ.ವಿ. ಬಂದಿವೆ. ಹೊಸ ಪುಸ್ತಕ ಬಂದರೆ ಮೇಲ್ವಿಚಾರಕರು ನಂಬರು ಹಾಕಿ ಸೇರ್ಪಡೆ ವಹಿಯಲ್ಲಿ ಬರೆಯುತ್ತಾರೆ. ಆ ವಹಿಗೆ ಸಿನಿಮಾ ಏರುವುದು ಅಪರೂಪ, ಏರಿದರೂ ಬಾಳಿಕೆ ಇಲ್ಲ. ಪುಸ್ತಕಕ್ಕೆ ಕಣ್ಣು ಸಾಕು, ಸಿನಿಮಾಕ್ಕೆ ಯಂತ್ರ ಬೇಕು, ಯಂತ್ರ ಹತ್ತು ವರ್ಷಕ್ಕೊಮ್ಮೆ ಜಾತಿ ಬದಲಿಸುತ್ತದೆ. ವಿಎಚ್‌ಎಸ್ ಕ್ಯಾಸೆಟ್ಟಿಗೆ ಬೂಷ್ಟು ಬಂತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದಾಗ ಮನೆಮನೆಯಲ್ಲಿ ಕಪಾಟು ತುಂಬಿತು. ಈಗ ತಟ್ಟೆ ಇದೆ, ಅದನ್ನು ಓಡಿಸುವ ಪ್ಲೇಯರ್ ಇಲ್ಲ. ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನುವವರಿಗೆ ಒಂದು ಮಾತು: ಸಿಗುವುದು ಆ್ಯಪಿನವರು ಇಟ್ಟಷ್ಟು ದಿನ. ತೆಗೆದರೆ ಕೇಳುವವರಿಲ್ಲ.

ಹಕ್ಕಿನ ತೊಡಕು ಬೇರೆ. ಅಂಗಡಿಯಲ್ಲಿ ಕೊಂಡ ತಟ್ಟೆಯ ಮೇಲೆ ಮನೆಯಲ್ಲಿ ನೋಡಲು ಮಾತ್ರ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಹತ್ತು ಜನ ಕೂಡಿಸಿ ತೋರಿಸಬೇಕೆಂದರೆ ಹಕ್ಕುದಾರರ ಅನುಮತಿ ಬೇಕು. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. ಹಾಗೆ ನೋಡಿದರೆ 1958ರ ‘ಸ್ಕೂಲ್ ಮಾಸ್ಟರ್’, 1964ರ ‘ನಾಂದಿ’, ‘ಚಂದವಳ್ಳಿಯ ತೋಟ’ ಇವುಗಳ ಚಿತ್ರಹಕ್ಕಿನ ಅವಧಿ ಮುಗಿದಿದೆ. ಕಥೆ, ಹಾಡುಗಳ ಲೆಕ್ಕ ಬೇರೆ ಇರುತ್ತದೆ, ಅದನ್ನು ತಿಳಿದವರು ನೋಡಿ ಹೇಳಬೇಕು. ನಾಡಿನ ಅರಿವು ಕೇಂದ್ರಗಳಿಗೆಲ್ಲ ಸೇರಿಸಿ ಸರ್ಕಾರ ಒಮ್ಮೆ ಕೂತು ಬಗೆಹರಿಸಿದರೆ ಮುಗಿಯುವ ಕೆಲಸ.

ಹಲವು ಸಾಕ್ಷ್ಯಚಿತ್ರಗಳಂತೂ ಸಾರ್ವಜನಿಕರ ದುಡ್ಡಿನಲ್ಲೇ ಆದವು. 1948ರಿಂದ ಸರ್ಕಾರದ ಫಿಲ್ಮ್ಸ್ ಡಿವಿಷನ್ ಮಾಡಿದ ರಾಶಿ 2022ರಲ್ಲಿ ಪುಣೆಯ ಸಂಗ್ರಹಾಲಯದ ಜೊತೆಗೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಸೂರಿನಡಿ ಬಂದಿದೆ. ಗಿರೀಶ ಕಾರ್ನಾಡರು ಬೇಂದ್ರೆಯವರ ಮೇಲೆ ತೆಗೆದ ಚಿತ್ರ, ಅವರದೇ ‘ಕನಕ ಪುರಂದರ’, ಮಲ್ಲಿಕಾರ್ಜುನ ಮನ್ಸೂರರ ಮೇಲಿನ ‘ರಸಯಾತ್ರಾ’ ಇವನ್ನು ಕೇಳಿದ ಹೈಸ್ಕೂಲು ಮಕ್ಕಳು ನಮ್ಮ ಹೋಬಳಿಯಲ್ಲಿ ಎಷ್ಟಿದ್ದಾರು? ವನ್ಯಜೀವಿಗಳ ಚಿತ್ರ ‘ವೈಲ್ಡ್ ಕರ್ನಾಟಕ’ ಅರಿವು ಕೇಂದ್ರಕ್ಕೆ ಬರಲಿ, ಅದನ್ನು ನೋಡಿದ ಹುಡುಗರಿಗೆ ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದಲ್ಲೂ ನಾಲ್ಕು ಕೊಂಬಿನ ಕೊಂಡುಕುರಿಗಳ ವನ್ಯಧಾಮ ಇದೆ ಎಂದು ಹೇಳಬಹುದು. ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬರಲೇಬೇಕು. ಕುಂದಾಪುರ ಕಡೆಯ ಸೂಲಗಿತ್ತಿಯ ಮನೆಗೆ ಬಂದ ಬಣ್ಣದ ಟಿ.ವಿ. ಸುತ್ತ ಊರ ಹೆಂಗಸರು ಕೂಡುವುದು, ಆಮೇಲೆ ಊರು ಒಡೆಯುವುದು, ಉಮಾಶ್ರೀ ಅದನ್ನೆಲ್ಲ ಮುಖದಲ್ಲೇ ಹಿಡಿದದ್ದು. ಅರಿವು ಕೇಂದ್ರದ ಟಿ.ವಿ.ಯಲ್ಲೇ ನೋಡಬೇಕಾದ ಸಿನಿಮಾ ಅದು.

ನನ್ನನ್ನು ಕೇಳಿದರೆ ವಹಿಯಲ್ಲಿ ಮೊದಲ ನಂಬರು ಜಿ.ವಿ. ಅಯ್ಯರ್ ಅವರ 1975ರ ‘ಹಂಸಗೀತೆ’ಗೆ, ಎರಡನೆಯದು ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ಗೆ. ಎರಡೂ ತ.ರಾ.ಸು. ಕಾದಂಬರಿಯಿಂದ ಬಂದವು, ಅವರು ಹುಟ್ಟಿದ್ದು ಇಲ್ಲೇ ಮಲೇಬೆನ್ನೂರಿನಲ್ಲಿ. ಎರಡರಲ್ಲೂ ಇರುವುದು ಚಿತ್ರದುರ್ಗ, 1997ರವರೆಗೆ ನಮ್ಮ ಜಿಲ್ಲಾ ಕೇಂದ್ರ. ತೋರಿಸಿ ಎದ್ದು ಹೋಗುವುದಲ್ಲ, ಹೆಗ್ಗೋಡಿನವರಂತೆ ಕೂತು ಮಾತಾಡಬೇಕು. ಅದಕ್ಕೆ ಸಂಜೆ ಬೇಕು. ಗದ್ದೆ ಹೊಲದವರು ಮನೆಗೆ ಬರುವ ಹೊತ್ತಿಗೆ ಗ್ರಂಥಾಲಯದ ಬಾಗಿಲು ಹಾಕಿರುತ್ತದೆ. ಸಣ್ಣ ಸಂಬಳಕ್ಕೆ ದುಡಿಯುವ ಮೇಲ್ವಿಚಾರಕರನ್ನು ರಾತ್ರಿಯೂ ಕೂರಿ ಎನ್ನಲು ನನಗೆ ಬಾಯಿ ಬರದು. ಊರಿನವರೇ ಸರದಿ ಮಾಡಿಕೊಳ್ಳಬೇಕಾದೀತು. ‘ನಾಗರಹಾವು’ ಚಿತ್ರೀಕರಣದಲ್ಲಿ ದುರ್ಗದ ಕೋಟೆಯ ಬಂಡೆ ಹತ್ತಿ ನಿಂತು ನೋಡಿದೆವು ಎನ್ನುವವರು ಈ ಕಡೆ ಇನ್ನೂ ಸಿಗುತ್ತಾರೆ. ಆಗ ಇಪ್ಪತ್ತಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರನ್ನೂ ಕೂರಿಸಿಕೊಂಡು ಸಿನಿಮಾ ಹಾಕುವುದಾದರೆ ಬೇಗ ಹಾಕಬೇಕು.