ನಾನಕ್ ಝೀರಾದಲ್ಲಿ ಪಂಢರಪುರದ ನೆಂಟ

ಹುಕ್ಕೇರಿ ತಾಲ್ಲೂಕಿನ ನಮ್ಮೂರು ದಡ್ಡಿ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಬೀದರ ಉತ್ತರದ ತುದಿಯಲ್ಲಿ. ವಿಜಯಪುರ, ಕಲಬುರಗಿ ದಾಟಿ ಇಡೀ ದಿನದ ದಾರಿ. ಪಂಢರಪುರದ ವಾರಿ ಯಾತ್ರೆ ನಡೆದ ಕಾಲಿಗೆ ಅದೇನು ದೂರವಲ್ಲ. ಅಪ್ಪ ಕೊರಳಲ್ಲಿ ತುಳಸಿಮಾಲೆ ಧರಿಸಿದ ವಾರಕರಿ. ‘ಸಿಖ್ಖರ ಗುಡಿ ಒಮ್ಮೆ ನೋಡೂಣ ನಡಿ’ ಅಂದವನೂ ಅವನೇ.

ಬೀದರಿನ ನಾನಕ್ ಝೀರಾ ಗುರುದ್ವಾರದ ಬಾಗಿಲಲ್ಲಿ ನಾನು ತಲೆಗೆ ಕೇಸರಿ ಬಟ್ಟೆ ಕಟ್ಟಿಕೊಳ್ಳಲು ಒದ್ದಾಡುತ್ತಿದ್ದರೆ, ಅಪ್ಪ ತನ್ನ ಪಟಗಾ ಬಿಚ್ಚಿ ಬಗಲಲ್ಲಿ ಇಟ್ಟುಕೊಂಡಿದ್ದ. ದೇವರ ಮುಂದೆ ಬರಿದಲೆಯಲ್ಲಿ ನಿಲ್ಲುವುದು ಅವನ ರೂಢಿ. ಸೇವಾದಾರರೊಬ್ಬರು ಓಡಿಬಂದು ಕೈಸನ್ನೆಯಲ್ಲೇ ತಡೆದರು. ‘ಬೇಷಾತು ಬಿಡು, ಇಲ್ಲಿ ಪಟಗಾಕ್ಕೂ ಮರ್ಯಾದಿ ಐತಿ’ ಎಂದು ಮತ್ತೆ ಸುತ್ತಿಕೊಂಡ.

ಅವನು ಮೊದಲು ಹೋಗಿ ನಿಂತದ್ದು ನೀರಿನ ಮುಂದೆ. 16ನೇ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ತಂಗಿದ್ದರು, ಸಿಹಿನೀರಿಲ್ಲದೆ ಕಂಗೆಟ್ಟ ಜನರಿಗಾಗಿ ಪಾದದಿಂದ ಕಲ್ಲೊಂದನ್ನು ಸರಿಸಿದರು, ಬುಗ್ಗೆ ಚಿಮ್ಮಿತು ಎಂಬುದು ನಂಬಿಕೆ. ನೆಲದ ಲೆಕ್ಕ ಬೇರೆ. ಬೀದರಿನಲ್ಲಿ ಮೇಲೆ ತೂತುತೂತಾದ ಕೆಂಪು ಜಂಬಿಟ್ಟಿಗೆ, ಅಡಿಯಲ್ಲಿ ಗಟ್ಟಿ ಕರಿಕಲ್ಲು. ಮೇಲೆ ಇಂಗಿದ ಮಳೆನೀರು ಕೆಳಗಿಳಿಯಲು ದಾರಿ ಕಾಣದೆ ಗುಡ್ಡದ ಬದಿಯಲ್ಲಿ ಹೊರಬೀಳುತ್ತದೆ. ಈ ಎರಡೂ ಮಾತು ಒಂದೇ ಕಡೆ ನೆಮ್ಮದಿಯಾಗಿ ಇರಬಲ್ಲವು ಎಂದೇ ನನ್ನ ಭಾವನೆ. ಘಟಪ್ರಭೆಯ ಹೊಳೆ ಏರುವುದನ್ನೂ ಬತ್ತುವುದನ್ನೂ ನೋಡಿ ಬೆಳೆದ ಅಪ್ಪನ ಪ್ರಶ್ನೆ ಒಂದೇ: ‘ಬ್ಯಾಸಿಗ್ಯಾಗೂ ಹಿಂಗ ಬರತೈತೇನು?’ ಬರುತ್ತದೆ ಎಂದ ಮೇಲೇ ಬೊಗಸೆಯೊಡ್ಡಿ ಕುಡಿದ.

ದರ್ಬಾರ್ ಸಾಹಿಬ್‌ನಲ್ಲಿ ಮೂರ್ತಿಯಿಲ್ಲ. ಚಾಮರ ಬೀಸುವುದು ಗ್ರಂಥಕ್ಕೆ. ಅಪ್ಪ ಕೈಮುಗಿದು ಬೇಗ ಹೊರಬಂದ. ಗುರು ಗ್ರಂಥ ಸಾಹಿಬ್‌ನ 1430 ಪುಟಗಳಲ್ಲಿ ಸಿಖ್ ಗುರುಗಳ ವಾಣಿಯಷ್ಟೇ ಅಲ್ಲ, ಕಬೀರ, ರವಿದಾಸ, ಶೇಖ್ ಫರೀದರ ವಾಣಿಯೂ ಇದೆ, ನಾಮದೇವರ 61 ಪದಗಳೂ ಇವೆ ಎಂದು ನಾನು ಹೇಳಿದ್ದು ಆಮೇಲೆ.

ಅಪ್ಪ ನಿಂತುಬಿಟ್ಟ. ‘ಯಾವ ನಾಮದೇವ? ನಮ್ಮ ಪಾಯರಿ ನಾಮದೇವನಾ?’

ಅದೇ ಸಿಂಪಿಗ ಸಂತ. ಪಂಢರಪುರದ ಗುಡಿಯಲ್ಲಿ ಅವರ ಹೆಸರಿನ ಮೆಟ್ಟಿಲನ್ನು ವಾರಕರಿಗಳು ತುಳಿಯದೆ ದಾಟುತ್ತಾರೆ. ಪಂಜಾಬಿನ ಘುಮಾನ್‌ನಲ್ಲಿ ಅವರ ನೆನಪಿಗೆ ಗುರುದ್ವಾರವೇ ಇದೆ. ನಾನು ಮಾತು ಮುಗಿಸುವಷ್ಟರಲ್ಲಿ ಅಪ್ಪ ತಿರುಗಿ ಒಳಗೆ ಹೋಗಿದ್ದ. ಈ ಸಲ ಹಣೆ ನೆಲಕ್ಕೆ ಹಚ್ಚಿದವನು ಬೇಗ ಏಳಲಿಲ್ಲ. ಮೊದಲ ನಮಸ್ಕಾರ ಪರವೂರಿನ ದೇವರಿಗೆ, ಎರಡನೆಯದು ನೆಂಟರ ಮನೆಯಲ್ಲಿ ಮಾಡಿದ್ದು.

ಗುರುದ್ವಾರ ಅಂದರೆ ಪಂಜಾಬು ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ಆದರೆ 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರಾರು ಎಂದು ಕೇಳಿದಾಗ ಎದ್ದ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕರ ಮನೆಯವರು. ನಮ್ಮ ಶಾಲಾ ಪುಸ್ತಕಗಳು ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

ಲಂಗರ್‌ನಲ್ಲಿ ನೆಲದ ಮೇಲೆ ಸಾಲುಪಂಕ್ತಿ. ರೊಟ್ಟಿಯನ್ನು ತಾಟಿಗೆ ಹಾಕುವುದಿಲ್ಲ, ಎರಡೂ ಕೈ ಒಡ್ಡಿ ಇಸಿದುಕೊಳ್ಳಬೇಕು. ದಾಲ್ ಬಡಿಸುತ್ತಿದ್ದ ಹುಡುಗ ಕಾಲೇಜಿನವನಂತಿದ್ದ. ಉಂಡ ಮೇಲೆ ಅಪ್ಪ ‘ಬರೇ ಉಂಡು ಹೋಗೂದು ಚಲೋ ಅಲ್ಲ’ ಎಂದು ಪಾತ್ರೆ ತೊಳೆಯುವ ಕಟ್ಟೆಗೆ ನಡೆದ. ಅಲ್ಲಿ ಪಕ್ಕದಲ್ಲಿ ತಾಟು ಉಜ್ಜುತ್ತಿದ್ದವರು ನಾಂದೇಡದ ಮುದುಕ ಸರ್ದಾರ್‌ಜಿ, ಕಬ್ಬಿನ ರೈತ. ಇಬ್ಬರಿಗೂ ಮರಾಠಿ ಬರುತ್ತಿತ್ತು. ಕಾರ್ಖಾನೆಯವರು ಬಿಲ್ಲು ತಡ ಮಾಡುವುದರಲ್ಲಿ ನಿಮ್ಮ ಕಡೆಯವರು ಮುಂದೋ ನಮ್ಮ ಕಡೆಯವರು ಮುಂದೋ ಎಂಬ ವಾದ ಶುರುವಾಗಿ, ತಾಟು ಮುಗಿದರೂ ಅದು ಮುಗಿಯಲಿಲ್ಲ.