ಅಂಗಡಿಯಲ್ಲಿ ಹೊಸ ಕೆಲಸ: ನಮ್ಮ ಮಕ್ಕಳು ಏನು ಕಲಿಯಬೇಕು?



ಕಳೆದ ತಿಂಗಳು ಟೊಮ್ಯಾಟೊ ನಾಟಿ ನೋಡಲು ಒಂದು ಹಳ್ಳಿಗೆ ಹೋಗಿದ್ದಾಗ ರೈತರೊಬ್ಬರು ನನ್ನನ್ನು ಬದುವಿನ ಮೇಲೆ ಕೂರಿಸಿ, ಜೇಬಿನಿಂದ ಒಂದು ಕರಪತ್ರ ತೆಗೆದು ಕೈಗೆ ಕೊಟ್ಟರು. "ಸಾರ್, ಮಗಳು ಪಿ.ಯು.ಸಿ. ಮುಗಿಸಿದ್ದಾಳೆ. ಪೇಟೇಲಿ ಈ ತರಬೇತಿ ಕೊಡ್ತಾರಂತೆ. ಎ.ಐ. ಬಂದಿರೋ ದೊಡ್ಡ ಅಂಗಡಿಗಳಲ್ಲಿ ಕೆಲಸ ಗ್ಯಾರಂಟಿ ಅಂತ ಬರೆದಿದಾರೆ. 40,000 ರೂಪಾಯಿ. ಕರೆಯೋ ಹಸು ಮಾರಿದರೆ ಹೊಂದುತ್ತೆ. ಏನು ಮಾಡಲಿ?" ಎಂದು ಕೇಳಿದರು.

"ಎಂಟು ದಿವಸ ತಡೆಯಿರಿ ಯಜಮಾನರೆ, ಹಸು ಮಾರಬೇಡಿ" ಎಂದಷ್ಟೇ ಹೇಳಿ ಬಂದೆ. ಸಸಿಗೆ ಬರುವ ರೋಗವಾದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಮೇಲೆ ನಾನು ವಿಚಾರಿಸಿ, ಬೆಂಗಳೂರಿಗೂ ಒಮ್ಮೆ ಹೋಗಿ ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇದ್ದೀತು.

ಮೊದಲು ಕೃತಕ ಬುದ್ಧಿಮತ್ತೆ, ಅಂದರೆ ಎಲ್ಲರೂ ಎ.ಐ. ಎನ್ನುವ ವಸ್ತು, ಅಂಗಡಿಯಲ್ಲಿ ಏನು ಮಾಡುತ್ತದೆಂಬುದನ್ನು ತಿಳಿಯೋಣ. ಹಿಂದಿನ ದಿನಗಳಲ್ಲಿ ಏನೇನು ಎಷ್ಟೆಷ್ಟು ಮಾರಾಟವಾಯಿತು, ಆ ದಿನ ಯಾವ ವಾರ, ಮಳೆ ಬಂದಿತ್ತೇ, ಬೆಲೆ ಎಷ್ಟಿತ್ತು, ಇವನ್ನೆಲ್ಲ ಯಂತ್ರವು ಹೋಲಿಸಿ ನೋಡಿ, ನಾಳೆ ಕೊತ್ತಂಬರಿ ಸೊಪ್ಪು ಎಷ್ಟು ಕಟ್ಟು ತರಿಸಬೇಕೆಂದು ಅಂದಾಜು ಹೇಳುತ್ತದೆ. ಮೋಡ ನೋಡಿ ಬಿತ್ತನೆಯ ದಿನ ಗೊತ್ತುಮಾಡುವ ನಮ್ಮ ಹಿರಿಯರ ಕೆಲಸಕ್ಕೂ ಇದಕ್ಕೂ ಬಹಳ ದೂರವಿಲ್ಲ. ಯಂತ್ರವು ಲಕ್ಷಾಂತರ ದಿನಚರಿಗಳನ್ನು ಒಟ್ಟಿಗೆ ನೆನಪಿಡಬಲ್ಲದು, ಅಷ್ಟೇ. ಇದಲ್ಲದೆ ಕ್ಯಾಮರಾ ಚಿತ್ರ ನೋಡಿ ಹಣ್ಣಿನ ದರ್ಜೆ ಹೇಳುವುದು, ಗಿರಾಕಿಯ ಮಾತು ಕೇಳಿ ಸಾಮಾನಿನ ಪಟ್ಟಿ ಮಾಡುವುದು, ಇವೂ ಅದರ ಕೆಲಸಗಳೇ.

ಇದರಿಂದ ಕೆಲವು ಕೆಲಸಗಳು ಹೋಗುತ್ತವೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಬಿಲ್ಲು ಹೊಡೆಯುವವನ ಕೆಲಸ ಮೊದಲು ಕಡಮೆಯಾಗುತ್ತದೆ. ಈ ದಾರಿ ಇಂದು ಶುರುವಾದುದಲ್ಲ. ಅಮೆರಿಕದ ಓಹಾಯೋ ಸಂಸ್ಥಾನದ ಒಂದು ಅಂಗಡಿಯಲ್ಲಿ 1974ರ ಜೂನ್ 26ರಂದು ಒಂದು ಚೂಯಿಂಗ್ ಗಮ್ ಪೊಟ್ಟಣದ ಕಪ್ಪು ಗೆರೆಗಳನ್ನು ಯಂತ್ರ ಓದಿದಂದಿನಿಂದ ಬೆಲೆ ನೆನಪಿಡುವ ಗುಮಾಸ್ತನ ಬೆಲೆ ಇಳಿಯುತ್ತಲೇ ಬಂದಿದೆ.

ಆದರೆ ಯಂತ್ರ ಬಂದಲ್ಲೆಲ್ಲ ಮನುಷ್ಯ ಹೊರಗೆ ಹೋಗಿಲ್ಲ. ಅಮೆಜಾನ್ ಸಂಸ್ಥೆ 2018ರಲ್ಲಿ ಸಿಯಾಟಲ್ ನಗರದಲ್ಲಿ ಗಲ್ಲಾಪೆಟ್ಟಿಗೆಯೇ ಇಲ್ಲದ ಅಂಗಡಿಯನ್ನು ಸಾರ್ವಜನಿಕರಿಗೆ ತೆರೆಯಿತು. ಸಾಮಾನು ತೆಗೆದುಕೊಂಡು ನಡೆದುಬಿಟ್ಟರೆ ಕ್ಯಾಮರಾಗಳೇ ನೋಡಿ ಲೆಕ್ಕ ಮಾಡುತ್ತಿದ್ದವು. 2024ರಲ್ಲಿ ಅದೇ ಸಂಸ್ಥೆ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಈ ಏರ್ಪಾಡನ್ನು ತೆಗೆಯುವುದಾಗಿ ಹೇಳಿತು. ಆಗ ಪತ್ರಿಕೆಗಳಲ್ಲಿ ಬಂದ ಒಂದು ಸಂಗತಿ ನನ್ನ ಗಮನ ಸೆಳೆಯಿತು: ಕ್ಯಾಮರಾದ ಕಣ್ಣನ್ನು ತಿದ್ದುವುದಕ್ಕಾಗಿ ನಮ್ಮ ದೇಶದಲ್ಲಿ ಕುಳಿತ ನೌಕರರು ಆ ಚಿತ್ರಗಳನ್ನು ನೋಡಿ ಗುರುತು ಹಾಕುತ್ತಿದ್ದರಂತೆ. ನಾನು ಹುಡುಕುತ್ತಿದ್ದ ಹೊಸ ಕೆಲಸ ಇಲ್ಲೇ ಇದೆ ಎನಿಸಿತು. ಯಂತ್ರಕ್ಕೆ ತಿಳಿಯದ್ದನ್ನು ತಿಳಿಸುವುದು, ಅದು ತಪ್ಪಿದಾಗ ಹಿಡಿಯುವುದು.

ನಮ್ಮ ಕಡೆಯ ಟೊಮ್ಯಾಟೊವನ್ನೇ ತೆಗೆದುಕೊಳ್ಳಿ. ದೂರದ ಊರಿಗೆ ಕಳಿಸುವ ಹಣ್ಣನ್ನು ಬಣ್ಣ ತಿರುಗುವಾಗಲೇ ಕೀಳುತ್ತೇವೆ. ಹತ್ತಿರದ ಪೇಟೆಗಾದರೆ ಕೆಂಪಾದ ಮೇಲೆ. ಈಗ ಬಿಸಿಲ ಕಡೆಗೆ ತಿರುಗಿದ ಕಾಯಿಯ ಮೇಲೆ ಬಿಳಿ ಹಳದಿ ಕಲೆ ಬೀಳುತ್ತದಲ್ಲ, ಅದು ಹಣ್ಣಾಗುವ ಬಣ್ಣವಲ್ಲ, ಬಿಸಿಲಿನ ಸುಟ್ಟ ಗಾಯ. ಎರಡು ದಿವಸದಲ್ಲಿ ಕುಸಿಯುತ್ತದೆ. ಕಾಯಿಯ ತುದಿ ಕಪ್ಪಾಗುವುದು ಸುಣ್ಣದ ಅಂಶ ಸಾಲದೆ, ನೀರು ಹೆಚ್ಚು ಕಡಮೆಯಾಗಿ ಆಗುವಂಥದು. ಚಿತ್ರದಲ್ಲಿ ಇವು ಒಂದಕ್ಕೊಂದು ಹೋಲುತ್ತವೆ. ಸಾವಿರಾರು ಚಿತ್ರಗಳಿಗೆ "ಇದು ಬಿಸಿಲ ಗಾಯ, ಇದು ಬಣ್ಣ ತಿರುಗಿದ್ದು, ಇದು ತುದಿ ಕೊಳೆತ" ಎಂದು ಒಬ್ಬರು ಚೀಟಿ ಹಚ್ಚಿದ ಮೇಲೆಯೇ ಯಂತ್ರಕ್ಕೆ ಬುದ್ಧಿ ಬರುವುದು. ಕ್ರೇಟಿನಲ್ಲಿ ಹಣ್ಣು ಆರಿಸುತ್ತ ಬೆಳೆದ ಹುಡುಗಿಗೆ ಇದು ಒಂದು ನೋಟದ ಕೆಲಸ. ನಾನು ಡಿಪ್ಲೊಮಾದಲ್ಲಿ ಪುಸ್ತಕ ನೋಡಿ ಕಲಿತುದನ್ನು ಅವಳು ಏಳನೆಯ ವಯಸ್ಸಿನಲ್ಲೇ ಬಲ್ಲಳು.

ಇನ್ನು ಹಬ್ಬಗಳ ಮಾತು. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ. ಕಳೆದ ವರ್ಷದ ತಾರೀಕನ್ನೇ ನೆಚ್ಚಿ ಕುಳಿತ ಯಂತ್ರ ಬೆಲ್ಲ, ಬೇವು, ಮಾವಿನ ಸೊಪ್ಪನ್ನು ಹತ್ತು ದಿನ ತಡವಾಗಿ ತರಿಸೀತು. ಪಂಚಾಂಗವನ್ನು ಯಂತ್ರಕ್ಕೆ ತುಂಬಿಸಬಹುದು, ನಿಜ. ಆದರೆ ಊರಹಬ್ಬ ಯಾವ ಮಂಗಳವಾರ, ಅಮಾವಾಸ್ಯೆಗೆ ಬೂದುಗುಂಬಳ ಎಷ್ಟು ಬೇಕು, ಸೋಮವಾರ ಶನಿವಾರ ಯಾವ ಕೇರಿಯಲ್ಲಿ ಮೊಟ್ಟೆ ಕೊಳ್ಳುವುದಿಲ್ಲ, ಇದನ್ನು ಹೇಳುವವರು ಅಲ್ಲಿಯೇ ಹುಟ್ಟಿ ಬೆಳೆದವರಾಗಿರಬೇಕು.

ಮಾತಿನ ಸಂಗತಿಯೂ ಹಾಗೆಯೇ. ನಾವು ಈರುಳ್ಳಿ ಎನ್ನುವುದನ್ನು ಧಾರವಾಡದವರು ಉಳ್ಳಾಗಡ್ಡಿ ಎನ್ನುತ್ತಾರೆ, ಮಂಗಳೂರಿನವರು ನೀರುಳ್ಳಿ ಎನ್ನುತ್ತಾರೆ. ನಮ್ಮ ಕಡಲೆಕಾಯಿ ಅಲ್ಲಿಯ ಶೇಂಗಾ. ಗಿರಾಕಿ ಫೋನಿಗೆ ಮಾತಾಡಿ ಸಾಮಾನು ತರಿಸುವ ಕಾಲದಲ್ಲಿ ಇವೆಲ್ಲ ಒಂದೇ ಪದಾರ್ಥವೆಂದು ಯಂತ್ರಕ್ಕೆ ಯಾರಾದರೂ ಕಲಿಸಬೇಕು. ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಎಂಬ ಯೋಜನೆಯನ್ನು ಭಾರತೀಯ ಭಾಷೆಗಳಿಗಾಗಿಯೇ ಆರಂಭಿಸಿದೆ. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ಹಳ್ಳಿಯವರಿಂದ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ ಅದಕ್ಕೆ ಹಣ ಕೊಟ್ಟಿದೆ. ಇದು ವರ್ಷವಿಡೀ ಸಿಗುವ ಕೆಲಸವೆಂದು ಮಾತ್ರ ನಂಬಿಕೊಳ್ಳಬಾರದು.

ಬೆಂಗಳೂರಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬನು ಕೆಲಸಕ್ಕಿರುವ ಗೋದಾಮು ಅಂಗಡಿಯನ್ನು ನೋಡಿದೆ. ಗಿರಾಕಿ ಒಳಗೆ ಕಾಲಿಡದ ಅಂಗಡಿ ಅದು. ಫೋನಿನಲ್ಲಿ ಬಂದ ಪಟ್ಟಿಯನ್ನು ನಿಮಿಷಗಳಲ್ಲಿ ತುಂಬಿ ಬೈಸಿಕಲ್ಲು, ಮೋಟಾರು ಸೈಕಲ್ಲಿನವರ ಕೈಗೆ ಕೊಡುತ್ತಾರೆ. ಯಾವ ಗೂಡಿನಿಂದ ಏನು ತೆಗೆಯಬೇಕೆಂಬುದನ್ನು ಯಂತ್ರ ಹೇಳುತ್ತದೆ, ಎಷ್ಟು ಹೊತ್ತು ಹಿಡಿಯಿತೆಂದೂ ಅದೇ ಎಣಿಸುತ್ತದೆ. ಕಾಲು ನೋವಿನ ಕೆಲಸ. ಆದರೆ ಆ ಹುಡುಗನು ಸಾಮಾನು ತೆಗೆಯುವವನಾಗಿ ಸೇರಿ ಈಗ ದಾಸ್ತಾನು ನೋಡಿಕೊಳ್ಳುತ್ತಾನೆ. ಹೇಗೆ ಮೇಲೆ ಬಂದೆ ಎಂದು ಕೇಳಿದೆ. "ಯಂತ್ರ ಹನ್ನೆರಡು ಮೊಸರು ಇದೆ ಅನ್ನುತ್ತೆ ಸಾರ್, ಗೂಡಲ್ಲಿ ಒಂಬತ್ತಿರುತ್ತೆ. ಆ ಮೂರು ಎಲ್ಲಿ ಹೋಯ್ತು ಅಂತ ನಾನು ಹುಡುಕ್ತಿದ್ದೆ. ಬೇರೆಯವರು ಹುಡುಕ್ತಿರಲಿಲ್ಲ" ಎಂದನು. ಒಡೆದದ್ದೇ, ವಾಯಿದೆ ಮುಗಿದು ತೆಗೆದದ್ದೇ, ತಪ್ಪು ಪಟ್ಟಿಗೆ ಹೋದದ್ದೇ ಎಂದು ಅವನು ಬರೆದಿಟ್ಟಿದ್ದ ಚಿಕ್ಕ ಪುಸ್ತಕವನ್ನೂ ತೋರಿಸಿದನು.

ಇಂಥ ಕೆಲಸಕ್ಕೆ ಸೇರುವವರು ತಿಳಿದಿರತಕ್ಕ ಇನ್ನೊಂದು ವಿಷಯವಿದೆ. ಮನೆಮನೆಗೆ ಸಾಮಾನು ಮುಟ್ಟಿಸುವವರೇ ಮೊದಲಾದ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಕಾಯಿದೆ ಬಂದಿದೆ. ಯಂತ್ರವು ಯಾವ ಲೆಕ್ಕದ ಮೇಲೆ ಕೆಲಸ ಹಂಚುತ್ತದೆಂದು ಕೇಳಿ ತಿಳಿಯುವ ಹಕ್ಕು, ತೆಗೆದುಹಾಕುವುದಕ್ಕೆ 14 ದಿನ ಮುಂಚೆ ಕಾರಣ ಸಹಿತ ನೋಟೀಸು, ಇವು ಅದರಲ್ಲಿವೆ.

ಹಾಗಾದರೆ ತಯಾರಿ ಹೇಗೆ? ನಾನು ಆ ಹುಡುಗಿಗೆ ಹೇಳಿದ್ದು ಒಂದೇ: ಊರ ಅಂಗಡಿಯವರನ್ನು ಕೇಳಿಕೊಂಡು ಮೂರು ತಿಂಗಳು ಒಂದು ಪುಸ್ತಕ ಬರೆಯಮ್ಮ. ಐದು ಸಾಮಾನು ಸಾಕು: ಹಾಲು, ಬ್ರೆಡ್ಡು, ಮೊಟ್ಟೆ, ಟೊಮ್ಯಾಟೊ, ಕೊತ್ತಂಬರಿ. ದಿನಾ ರಾತ್ರಿ ನಾಳೆ ಎಷ್ಟು ಖರ್ಚಾದೀತೆಂದು ಊಹಿಸಿ ಬರೆಯಬೇಕು. ಮಾರನೆಯ ದಿನ ನಿಜವಾಗಿ ಖರ್ಚಾದುದನ್ನು ಪಕ್ಕದಲ್ಲಿ ಬರೆದು, ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು. ಕೊತ್ತಂಬರಿ 40 ಕಟ್ಟು ಎಂದು ಊಹಿಸಿ 26 ಮಾತ್ರ ಖರ್ಚಾದರೆ, ಏಕೆ? ಪಕ್ಕದ ಊರಿನ ಸಂತೆಯೇ? ಮಳೆಯೇ? ಯಂತ್ರ ಮಾಡುವುದೂ ಈ ಊಹೆಯನ್ನೇ. ತಾನೇ ಊಹಿಸಿ ತಪ್ಪಿದವಳಿಗೆ ಯಂತ್ರದ ಊಹೆ ಎಲ್ಲಿ ತಪ್ಪೀತೆಂಬುದು ಕಾಣತೊಡಗುತ್ತದೆ. ಮೊದಲ ವಾರ ಅವಳ ಊಹೆಗಳೆಲ್ಲ ತಲೆಕೆಳಗಾಗಿದ್ದವು. ನಾಚಿಕೆಯಿಂದ ಒಂದು ಹಾಳೆಯನ್ನು ಹರಿದಿದ್ದಳು. ಹರಿಯಕೂಡದು, ತಪ್ಪಿದ ಹಾಳೆಯೇ ಮುಖ್ಯ ಎಂದೆ. ನಾಲ್ಕನೆಯ ವಾರದ ಹಾಳೆಯಲ್ಲಿ ಒಂದು ಕಡೆ "ಗುರುವಾರ ಶಾಲೆ ರಜ, ಬ್ರೆಡ್ಡು ಉಳಿಯಿತು" ಎಂದು ಬರೆದಿತ್ತು. ಅಂಗಡಿಯವರೇ ಅದನ್ನು ನೋಡಿ ಮುಂದಿನ ರಜಕ್ಕೆ ಬ್ರೆಡ್ಡು ಕಡಮೆ ತರಿಸಿದರು.

ಇದರೊಡನೆ ಫೋನಿನಲ್ಲಿ ಲೆಕ್ಕದ ಹಾಳೆ, ಅಂದರೆ ಎಕ್ಸೆಲ್ ಮಾದರಿಯದು, ತುಂಬುವುದನ್ನೂ, ಪೊಟ್ಟಣದ ಮೇಲಿನ ವಾಯಿದೆ ಮತ್ತು ಬ್ಯಾಚ್ ಸಂಖ್ಯೆ ಓದುವುದನ್ನೂ, ಸಿಟ್ಟಾದ ಗಿರಾಕಿಗೆ ಸಮಾಧಾನವಾಗಿ ಉತ್ತರಿಸುವುದನ್ನೂ ಕಲಿಯಬೇಕು. ಕೊನೆಯದು ಯಾವ ಕರಪತ್ರದಲ್ಲೂ ಇರುವುದಿಲ್ಲ.

ಹಣ ಕೊಟ್ಟು ಕಲಿಯುವ ವಿಷಯದಲ್ಲಿ ನನ್ನ ಅನುಭವ ಕಹಿ. ಡಿಪ್ಲೊಮಾ ಆದ ಹೊಸತರಲ್ಲಿ ನಾನೂ ಒಂದು ಕಡೆ ಕಂಪ್ಯೂಟರ್ ತರಬೇತಿಗೆ ಹಣ ಕಟ್ಟಿದ್ದೆ. ಎರಡು ತಿಂಗಳಾಗುವುದರೊಳಗೆ ಬಾಗಿಲಿಗೆ ಬೀಗ ಬಿತ್ತು. ಆದುದರಿಂದ ಗ್ಯಾರಂಟಿ ಎಂಬ ಮಾತು ಕಂಡರೆ ನನಗೆ ಭಯ. ಹಣ ಕಟ್ಟುವ ಮುನ್ನ, ಕಳೆದ ತಂಡದಲ್ಲಿ ಕಲಿತ ನಾಲ್ವರ ಹೆಸರು ಕೇಳಿ, ಅವರು ಈಗ ಎಲ್ಲಿದ್ದಾರೆಂದು ನೀವೇ ಹೋಗಿ ನೋಡಿ. ಹೆಸರು ಕೊಡದಿದ್ದರೆ ಎದ್ದು ಬನ್ನಿ.

ಶುಲ್ಕವಿಲ್ಲದ ದಾರಿಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಕಲಿಸುತ್ತಾರೆ. ಸ್ವಂತ ಅಂಗಡಿ ಇಡಬೇಕೆನ್ನುವವರಿಗೆ ಅದು ಹೆಚ್ಚು ಉಪಯೋಗ. ನೌಕರಿಗೇ ಹೋಗುವ ಗ್ರಾಮೀಣ ಯುವಕ ಯುವತಿಯರಿಗೆ 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ತರಬೇತಿಗಳಲ್ಲಿ ಅಂಗಡಿ ಕೆಲಸವೂ ಸೇರಿದೆ. ತಂಡಗಳು ಯಾವಾಗ ಶುರುವಾಗುತ್ತವೆಂಬುದನ್ನು ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಬೇಕು.

ನಾನು ಬುಧವಾರಗಳಂದು ಸಂಜೆ ನಾಲ್ಕರ ಮೇಲೆ ಪಂಚಾಯಿತಿ ಕಚೇರಿಯಲ್ಲಿರುತ್ತೇನೆ. ಅರ್ಜಿ ತುಂಬಿಸಲು ಬರುವವರು ಅಂಕಪಟ್ಟಿಯ ಜೊತೆಗೆ, ಬರೆಯುತ್ತಿದ್ದರೆ ಅಂಗಡಿಯ ಪುಸ್ತಕವನ್ನೂ ತನ್ನಿ. ಕರಪತ್ರ ಬಂದಿದ್ದರೆ ಅದನ್ನೂ ತನ್ನಿ, ಕೂತು ಓದೋಣ.