ಪುಟ್ಟ ವಿಮಾನಕ್ಕೆ ಎಂಥ ಪುಟ್ಟಿ?

ಒಂದು ಮಿಲಿಮೀಟರ್ ಸಂದಿ ಎಂದರೆ ಏನು ಮಹಾ ಎನ್ನಬೇಡಿ. 1:72 ಅಳತೆಯ ಮಾದರಿ ವಿಮಾನದಲ್ಲಿ ಅಷ್ಟು ಸಂದಿ ಉಳಿದರೆ, ನಿಜವಾದ ವಿಮಾನದಲ್ಲಿ ಅದು 72 ಮಿಲಿಮೀಟರ್. ರೆಕ್ಕೆಗೂ ಒಡಲಿಗೂ ನಡುವೆ ಕೈ ತೂರಿಸುವಷ್ಟು ಜಾಗ! ಅಂಥ ವಿಮಾನವನ್ನು ಯಾವ ಪೈಲಟ್ ತಾನೇ ಏರಿಯಾನು?

ನಮ್ಮ ಮನೆಯ ಊಟದ ಮೇಜಿನ ಮೇಲೆ ಈಗ ನ್ಯಾಟ್ ಕುಳಿತಿದೆ. ಬ್ರಿಟನ್ನಿನ ಫೋಲ್ಯಾಂಡ್ ಕಂಪನಿಯ ವಿನ್ಯಾಸ, ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗಿ 1965ರ ಯುದ್ಧದಲ್ಲಿ ಹೆಸರು ಮಾಡಿದ ಪುಟಾಣಿ ಯುದ್ಧವಿಮಾನ. ನಿಜವಾದದ್ದೇ ಒಂಬತ್ತು ಮೀಟರಿಗಿಂತ ಗಿಡ್ಡ. ಮಾದರಿ ಸುಮಾರು 12 ಸೆಂಟಿಮೀಟರ್. ಮಗಳು ಹಬ್ಬಕ್ಕೆ ಬಂದ ದುಡ್ಡು ಕೂಡಿಟ್ಟು ಕೊಂಡ ಕಿಟ್ ಅದು. ರೆಕ್ಕೆ ಅಂಟಿಸಿದ ಮೇಲೆ ಬುಡದಲ್ಲಿ ಸಂದಿ ಕಂಡಿತು. "ಇದು ಸರಿಯಾಗಲ್ಲ ಬಿಡಿ" ಎಂದು ಡಬ್ಬಿ ಮುಚ್ಚಿಬಿಟ್ಟಳು. ಎಷ್ಟೋ ಮಕ್ಕಳು ಈ ಹವ್ಯಾಸಕ್ಕೆ ಕೈಮುಗಿಯುವುದು ಇದೇ ಹಂತದಲ್ಲಿ. ಆದ್ದರಿಂದಲೇ ಪುಟ್ಟಿಯ ಬಗ್ಗೆ ನಾಲ್ಕು ಮಾತು.

ಯಾವ ಪುಟ್ಟಿ ಒಳ್ಳೆಯದು ಎಂದು ಕೇಳುವುದಕ್ಕಿಂತ, ಸಂದಿ ಎಷ್ಟು ದೊಡ್ಡದು, ತುಂಬುವವರು ಯಾರು ಎಂದು ಮೊದಲು ಕೇಳಬೇಕು ಎಂಬುದು ನನ್ನ ಲೆಕ್ಕ. ಸಂದಿ ಅಗಲವಾಗಿದ್ದರೆ ತೆಳು ಪ್ಲಾಸ್ಟಿಕ್ ಹಾಳೆಯ ಚೂರನ್ನು ಅದರೊಳಗೆ ಅಂಟಿಸಿ, ಉಳಿದ ಗೀರಿಗಷ್ಟೇ ಪುಟ್ಟಿ ಹಚ್ಚಿ. ಮನೆ ಗೋಡೆಯ ಪುಟ್ಟಿ ಉಳಿದಿದೆಯಲ್ಲ ಎಂದು ತರಲು ಹೋಗಬೇಡಿ. ಅದು ಗೋಡೆಯನ್ನು ಹಿಡಿದ ಹಾಗೆ ನುಣ್ಣನೆಯ ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ.

ಮಾದರಿ ಕಟ್ಟುವವರ ಹಳೆಯ ಗೆಳೆಯ ಟ್ಯೂಬಿನಲ್ಲಿ ಬರುವ ಬೂದು ಪುಟ್ಟಿ. ಜಪಾನಿನ ತಾಮಿಯಾ ಕಂಪನಿಯದು ಬಹಳ ಜನರಿಗೆ ಗೊತ್ತು. ಇದರಲ್ಲಿ ದ್ರಾವಕ ಇರುತ್ತದೆ. ಅದು ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತುಸು ಕಚ್ಚಿ ಹಿಡಿಯುವುದರಿಂದ ಪುಟ್ಟಿ ಗಟ್ಟಿಯಾಗಿ ಕೂರುತ್ತದೆ. ಆದರೆ ದ್ರಾವಕ ಆವಿಯಾಗಿ ಹೋದಷ್ಟೂ ಪುಟ್ಟಿ ಕುಗ್ಗುತ್ತದೆ. ಇಂದು ಸಮನಾಗಿದ್ದ ಜಾಗ ನಾಳೆ ಹಳ್ಳ! ದಪ್ಪಗೆ ಮೆತ್ತಿದರೆ ಮೇಲೆ ಕೆನೆಗಟ್ಟಿ ಒಳಗೆ ಮೆತ್ತಗೇ ಉಳಿಯುತ್ತದೆ, ತೆಳು ಪ್ಲಾಸ್ಟಿಕ್ಕಾದರೆ ಸೊಟ್ಟಗಾಗುವುದೂ ಉಂಟು. ತೆಳುವಾಗಿ ಎರಡು ಮೂರು ಸಲ ಹಚ್ಚುವುದೇ ದಾರಿ. ಇದರ ವಾಸನೆ ತಲೆಗೆ ಹತ್ತುವಂಥದ್ದು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರದಿರಲಿ, ದೊಡ್ಡವರು ಜೊತೆಗಿರಲಿ.

ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಗೆ ನಾನು ಕೊಡುವುದು ನೀರಿನ ಅಕ್ರಿಲಿಕ್ ಪುಟ್ಟಿ. ವಯೆಹೋ ಎಂಬ ಸ್ಪೇನಿನ ಕಂಪನಿಯ ಬಿಳಿ ಪುಟ್ಟಿ ಈ ಜಾತಿಯದು. ಸಂದಿಗೆ ಹಚ್ಚಿ, ಒಣಗುವ ಮುನ್ನ ಒದ್ದೆ ಇಯರ್‌ಬಡ್‌ನಿಂದ ಒರೆಸಿದರೆ ಹೆಚ್ಚಾದದ್ದೆಲ್ಲ ಬಂದುಬಿಡುತ್ತದೆ. ಉಜ್ಜುವ ಕೆಲಸವೇ ಬೇಡ, ಅಕ್ಕಪಕ್ಕದ ಸೂಕ್ಷ್ಮ ಗೆರೆಗಳೂ ಅಳಿಯುವುದಿಲ್ಲ. ರೆಕ್ಕೆಯ ಬುಡಕ್ಕೆ ಇದಕ್ಕಿಂತ ಹಿತವಾದದ್ದಿಲ್ಲ. ದೌರ್ಬಲ್ಯವೂ ಇದೆ: ಇದು ಮೆದು, ಒಣಗಿದ ಮೇಲೆ ಅದರಲ್ಲಿ ಚೊಕ್ಕ ಗೆರೆ ಕೊರೆಯಲು ಬರುವುದಿಲ್ಲ.

ನಲ್ಲಿ ಸೋರಿದಾಗ ತರುವ ಎಂ-ಸೀಲ್ ಆಗದೇ? ಆಗುತ್ತದೆ, ಆದರೆ ಎಲ್ಲ ಕಡೆಯೂ ಅಲ್ಲ. ಎರಡು ಉಂಡೆ ಕಲಸಿ ಮಾಡುವ ಎಪಾಕ್ಸಿ ಪುಟ್ಟಿ ರಾಸಾಯನಿಕವಾಗಿ ಗಟ್ಟಿಯಾಗುವುದರಿಂದ ಕುಗ್ಗುವುದು ತೀರಾ ಕಡಿಮೆ. ದೊಡ್ಡ ಹಳ್ಳ ತುಂಬಲು, ಮೂಗಿನೊಳಗೆ ತೂಕ ಕೂರಿಸಲು ಸೊಗಸು. ಆದರೆ ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ಕಿಗಿಂತ ಬಿರುಸು. ಮರಳುಕಾಗದದಿಂದ ಉಜ್ಜಿದರೆ ಪಕ್ಕದ ಪ್ಲಾಸ್ಟಿಕ್ ಸವೆಯುತ್ತದೆ, ಪುಟ್ಟಿ ಹಾಗೇ ಗುಡ್ಡವಾಗಿ ನಿಲ್ಲುತ್ತದೆ! ಮೆತ್ತಗಿರುವಾಗಲೇ ನೀರಿನ ಬೆರಳಿನಿಂದ ನಯಮಾಡಿ. ಕೈಗೆ ಗ್ಲೌಸ್ ಇರಲಿ.

ಕಾಸಿಲ್ಲದ ಪುಟ್ಟಿಯೊಂದಿದೆ. ಕಿಟ್‌ನ ಭಾಗಗಳನ್ನು ಹಿಡಿದಿರುವ ಕಡ್ಡಿಗಳ ಚೌಕಟ್ಟನ್ನು ಎಸೆಯದೆ ಚೂರು ಮಾಡಿ, ಮಾದರಿಗಳ ದ್ರವಸಿಮೆಂಟಿನಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಗ್ಗೆ ಜೇನಿನಂಥ ಪಾಕ ಸಿದ್ಧ. ಅದೇ ಪ್ಲಾಸ್ಟಿಕ್, ಅದೇ ಗಡಸು, ಅದೇ ಬಣ್ಣ. ಒಣಗಲು ದಿನಗಟ್ಟಲೆ ಬೇಕು, ಅಷ್ಟೇ. ಇದೂ ದೊಡ್ಡವರ ಕೈಯ ಕೆಲಸ.

ಒಣಗಿದ ಮೇಲೆ 400, 600, ಕೊನೆಗೆ 1000ರ ಮರಳುಕಾಗದ. ಅಕ್ರಿಲಿಕ್ ಬಿಟ್ಟು ಉಳಿದವನ್ನು ನೀರು ಹಾಕಿಯೇ ಉಜ್ಜಿ; ಧೂಳು ಮೂಗಿಗೆ ಹೋಗುವುದಿಲ್ಲ. ಅಕ್ರಿಲಿಕ್ ಒದ್ದೆಯಾದರೆ ಮತ್ತೆ ಮೆತ್ತಗಾಗಬಹುದು. ಆಮೇಲೆ ತೆಳುವಾಗಿ ಬೂದು ಪ್ರೈಮರ್ ಹೊಡೆದು ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ಬೆರಳಿಗೆ ಸಿಗದ ಗೀರು ಆಗ ಕಣ್ಣಿಗೆ ಬೀಳುತ್ತದೆ. ಅಲ್ಲಿಗಷ್ಟೇ ಮತ್ತೊಂದು ಲೇಪ.

ಪೈಲಟ್ ಕೂರುವಲ್ಲಿನ ಗಾಜಿನಂಥ ಗೂಡಿಗೆ ಮಾತ್ರ ಇವ್ಯಾವುದೂ ಬೇಡ. ದ್ರಾವಕ ಅದನ್ನು ಮಸುಕು ಮಾಡುತ್ತದೆ, ಸೂಪರ್ ಗ್ಲೂನ ಆವಿ ಬೂದಿ ಬಳಿದಂತೆ ಬಿಳಿಚಿಸುತ್ತದೆ. ಅದರ ಸುತ್ತಲಿನ ಸಂದಿಗೆ ಶಾಲೆಯ ಚೀಲದಲ್ಲಿರುವ ಫೆವಿಕಾಲ್ ಸಾಕು. ಕಡ್ಡಿಯ ತುದಿಯಿಂದ ಒಂದು ಎಳೆ ಹರಿಸಿ, ಒದ್ದೆ ಕುಂಚದಿಂದ ಒರೆಸಿ. ಒಣಗುತ್ತಾ ಅದರ ಬಿಳುಪು ಬಹುಮಟ್ಟಿಗೆ ಕರಗಿಹೋಗುತ್ತದೆ.